ಶ್ರುತಿ ತಪ್ಪಿದವರ ಪಾಲು

ಹಾಡಲು ಬರುವವರು ಹಾಡಬೇಕೋ, ಹಾಡಬೇಕೆಂಬ ಆಸೆ ಇರುವವರು ಹಾಡಬೇಕೋ? ಮದುವೆಮನೆಯ ಆರತಿಯ ಹೊತ್ತಿಗೆ ಈ ಪ್ರಶ್ನೆ ಹುಟ್ಟುವುದಿಲ್ಲ. ಅಲ್ಲಿ ಹಾಡು ನೆನಪಿದ್ದವರು ಶುರು ಮಾಡುತ್ತಾರೆ, ಉಳಿದವರು ದನಿ ಸೇರಿಸುತ್ತಾರೆ. ಸಂಗೀತ ಕಛೇರಿಯಲ್ಲೂ ಹುಟ್ಟುವುದಿಲ್ಲ. ಅಲ್ಲಿ ಮೇಲೆ ಕೂತವರು ಕಲಿತವರು, ಕೆಳಗೆ ಕೂತವರು ಕೇಳುವವರು. ಆದರೆ ದೇವರ ಮುಂದೆ, ನೂರಾರು ಜನರ ಪರವಾಗಿ, ಹದಿನೈದು ಮಂದಿ ಹುಡುಗ ಹುಡುಗಿಯರು ನಿಂತು ಹಾಡುವಾಗ ಇದಕ್ಕೆ ಸುಲಭದ ಉತ್ತರವಿಲ್ಲ. ನಮ್ಮ ಚರ್ಚಿನ ಯುವಜನರ ಗಾನವೃಂದವನ್ನು ಒಂದು ವರ್ಷ ಹತ್ತಿರದಿಂದ ನೋಡಿದ ಮೇಲೆ ನನಗೆ ಹೀಗನ್ನಿಸಿದೆ.

ಹತ್ತಿರ ಎಂದರೆ ತೀರಾ ಹತ್ತಿರ. ನಮ್ಮದು ದಕ್ಷಿಣ ಕನ್ನಡದ ಒಂದು ಸಣ್ಣ ಪೇಟೆ. ಚರ್ಚಿನ ಸಭಾಂಗಣದ ಮಾಡು ರಿಪೇರಿಯಾಗಬೇಕಿದ್ದುದರಿಂದ ಆ ವರ್ಷ ಹಾಡಿನ ಅಭ್ಯಾಸ ನಮ್ಮ ಮನೆಯ ಚಾವಡಿಯಲ್ಲೇ ನಡೆಯಿತು. ಕೀಬೋರ್ಡು, ಎರಡು ಗಿಟಾರು, ಹರಿದ ಹಾಡಿನ ಪುಸ್ತಕಗಳು, ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಚಹಾ ಮಾಡಿಕೊಡುವುದು, ಒಂಬತ್ತು ಗಂಟೆಯಾಗುತ್ತಲೇ ಎಲ್ಲರನ್ನೂ ಮನೆಗೆ ಅಟ್ಟುವುದು ನನ್ನ ಪಾಲಿನ ಕೆಲಸ. ಅರ್ಧಕ್ಕರ್ಧ ಮಕ್ಕಳು ಶಾಲೆಯಲ್ಲಿ ನನ್ನ ಕೈಯಲ್ಲಿ ಕಲಿತವರು. ಹಾಗಾಗಿ ನಿವೃತ್ತಳಾದ ಮೇಲೂ ನಾನು ಎಲ್ಲರಿಗೂ 'ಟೀಚರ್'.

ಚರ್ಚಿನ ವರ್ಷ ಜನವರಿಯಲ್ಲಿ ಹುಟ್ಟುವುದಿಲ್ಲ. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲದಿಂದ ಅದು ಆರಂಭವಾಗುತ್ತದೆ. ಕಾಯುವ ಕಾಲವಾದ್ದರಿಂದ ಆ ಭಾನುವಾರಗಳ ಪೂಜೆಯಲ್ಲಿ ಮಹಿಮಾಗೀತೆಯನ್ನು ಹಾಡುವುದಿಲ್ಲ. ಪೂಜೆಯಲ್ಲಿ ಹೀಗೆ ಸಂಯಮವಾದರೆ ಮಕ್ಕಳಿಗೆ ಅದೇ ವರ್ಷದ ಅತಿ ಗಡಿಬಿಡಿಯ ತಿಂಗಳು. ರಾತ್ರಿ ಮನೆ ಮನೆಗೆ ಹೋಗಿ ಕ್ಯಾರಲ್ ಹಾಡಬೇಕು. ಅದರ ಮೇಲೆ ಸುತ್ತಮುತ್ತಲಿನ ಚರ್ಚುಗಳ ನಡುವೆ ಒಂದು ಕ್ಯಾರಲ್ ಸ್ಪರ್ಧೆ, ಗೆದ್ದವರಿಗೆ ಕಪ್ಪು.

ಆ ವರ್ಷ ನಮ್ಮ ಪ್ರಶ್ನೆ ಬಂದದ್ದು ಈ ಕಪ್ಪಿನ ಜೊತೆಗೇ. ವೃಂದದಲ್ಲಿ ಬಟ್ಟೆಯಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗಿ ಇದ್ದಳು. ಇಡೀ ದಿನ ನಿಂತೇ ಸೀರೆ ಬಿಚ್ಚಿ ತೋರಿಸಿ, ಮಡಚಿ, ಅಂಗಡಿ ಮುಚ್ಚಿದ ಮೇಲೆ ಓಡೋಡಿ ಬರುತ್ತಿದ್ದಳು. ಎಲ್ಲ ಹಾಡುಗಳೂ ಅವಳಿಗೆ ಬಾಯಿಪಾಠ. ಆದರೆ ಶ್ರುತಿ ನಿಲ್ಲುತ್ತಿರಲಿಲ್ಲ. ಎತ್ತರದ ಸ್ವರ ಬಂದಾಗಲೆಲ್ಲ ದನಿ ಕೂದಲೆಳೆಯಷ್ಟು ಕೆಳಗಿಳಿಯುತ್ತಿತ್ತು. ಸ್ಪರ್ಧೆಗೆ ಹತ್ತು ದಿನ ಇರುವಾಗ ವೃಂದದ ನಾಯಕ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಸಹಕಾರಿ ಸಂಘದಲ್ಲಿ ಕೆಲಸದಲ್ಲಿರುವ ಮೃದು ಸ್ವಭಾವದ ಹುಡುಗ.

"ಟೀಚರ್, ಅವಳಿಗೆ ಹೇಗೆ ಹೇಳೋದು? ಹೇಳಿದ್ರೆ ಬೇಜಾರಾಗ್ತದೆ. ಹೇಳದಿದ್ರೆ ಉಳಿದವರ ಶ್ರಮ ಎಲ್ಲ ನೀರಲ್ಲಿ ಹೋಮ ಮಾಡಿದ ಹಾಗೆ. ಪುಸ್ತಕ ಹಿಡಿದುಕೊಳ್ಳುವ ಕೆಲಸ ಏನಾದ್ರೂ ಕೊಡುವ ಅಂತ ಇದ್ದೇನೆ."

"ಅವಳಿಗೆ ನಿಜ ಹೇಳು. ಆದರೆ ಯಾವ ನಿಜ ಹೇಳಬೇಕು ಅಂತ ಮೊದಲು ನೀನು ನೋಡಿಕೋ" ಎಂದೆ.

ನಾನು ಹೇಳಿದ್ದರ ಅರ್ಥ ಇಷ್ಟೆ. 'ನಿನ್ನ ಶ್ರುತಿ ತಪ್ಪುತ್ತಿದೆ' ಎಂಬುದು ಒಂದು ಮಾತು. 'ನೀನು ನಮಗೆ ಬೇಡ' ಎಂಬುದು ಇನ್ನೊಂದು ಮಾತು. ಮೊದಲನೆಯದು ಕಿವಿಯ ತೀರ್ಪು, ಎರಡನೆಯದು ಮನಸ್ಸಿನ ತೀರ್ಪು. ನಾವು ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಅಥವಾ ಎರಡನೆಯದನ್ನು ಹೇಳಿದಂತಾದೀತೆಂಬ ಹೆದರಿಕೆಯಲ್ಲಿ ಮೊದಲನೆಯದನ್ನೂ ನುಂಗಿಕೊಳ್ಳುತ್ತೇವೆ. ಗೃಹಿಣಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸೊಸೆ ಮಾಡಿದ ಸಾರಿಗೆ ಉಪ್ಪು ಹೆಚ್ಚಾಗಿದೆ ಎನ್ನುವುದಕ್ಕೂ ಇವಳಿಗೆ ಅಡುಗೆಯೇ ಬರುವುದಿಲ್ಲ ಎನ್ನುವುದಕ್ಕೂ ಎಷ್ಟು ದೂರ! ಆ ದೂರವನ್ನು ಒಂದೇ ಹೆಜ್ಜೆಗೆ ದಾಟಿದ ಮನೆಗಳಲ್ಲಿ ವರ್ಷಗಟ್ಟಲೆ ಮಾತು ನಿಂತದ್ದನ್ನು ನಾವೆಲ್ಲ ಕಂಡಿದ್ದೇವೆ.

ಹುಡುಗ ಅವಳನ್ನು ಕರೆದು ಇದ್ದುದನ್ನು ಇದ್ದ ಹಾಗೆ ಹೇಳಿದ. ಸ್ಪರ್ಧೆಗೆ ಅವಳಿಲ್ಲ, ಭಾನುವಾರದ ಪೂಜೆಗೆ ಅವಳ ಜಾಗ ಇದ್ದಲ್ಲೇ ಇದೆ. ಅವಳು ಸ್ವಲ್ಪ ಹೊತ್ತು ತಲೆ ತಗ್ಗಿಸಿ ನಿಂತಿದ್ದು, "ನಾನು ಹಾಡಿದ್ರೆ ಪೂಜೆ ಹಾಳಾಗ್ತದಾ?" ಎಂದು ಕೇಳಿದಳು. ಅವನು ಇಲ್ಲ ಎಂದ. ವೃಂದಕ್ಕೆ ಎರಡನೆಯ ಸ್ಥಾನ ಬಂತು. ಅವಳು ಮುಂದಿನ ವಾರದಿಂದ ತುಸು ಬೇಗ ಬಂದು, ಮೊಬೈಲಿನಲ್ಲಿ ತಂಬೂರಿಯ ಶ್ರುತಿ ಹಾಕಿಕೊಂಡು ಚಾವಡಿಯ ಮೂಲೆಯಲ್ಲಿ ಅಭ್ಯಾಸ ಮಾಡತೊಡಗಿದಳು. ಪವಾಡವೇನೂ ಆಗಲಿಲ್ಲ. ದನಿ ಸ್ವಲ್ಪ ಸುಧಾರಿಸಿತು, ಅಷ್ಟೆ.

ಅವಳ ಪ್ರಶ್ನೆ ಮಾತ್ರ ನನ್ನಲ್ಲಿ ಉಳಿಯಿತು. ದೇವರಿಗೆ ಅರ್ಪಿಸುವ ಹಾಡು ಚೆನ್ನಾಗಿರಬೇಕು ಎನ್ನುವುದು ತಪ್ಪಲ್ಲ. ಪೂಜೆಗೆ ಬಾಡಿದ ಹೂವನ್ನು ಯಾರೂ ತರುವುದಿಲ್ಲ. ಭಕ್ತಿಯೊಂದಿದ್ದರೆ ಸಾಕು ಎನ್ನುತ್ತ ಅಭ್ಯಾಸಕ್ಕೆ ಚಕ್ಕರ್ ಹಾಕುವವರ ಭಕ್ತಿಯನ್ನು ನಾನು ನಂಬುವುದಿಲ್ಲ. ಆದರೆ ಚೆನ್ನಾಗಿರಬೇಕು ಎಂಬ ಹಂಬಲ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದನ್ನು ನೋಡಲು ಚರ್ಚಿನ ಇತಿಹಾಸವನ್ನೇ ನೋಡಬೇಕು.

1903ರ ನವೆಂಬರ್ 22ರಂದು ಹತ್ತನೆಯ ಭಕ್ತಿನಾಥ ಪೋಪರು, ಅಂದರೆ ಹತ್ತನೆಯ ಪಿಯುಸ್, ಚರ್ಚಿನ ಸಂಗೀತದ ಬಗ್ಗೆ ಒಂದು ಆಜ್ಞೆ ಹೊರಡಿಸಿದರು. ಗಾನವೃಂದದವರದು ಪೂಜಾವಿಧಿಯ ಒಂದು ಅಧಿಕೃತ ಸ್ಥಾನ, ಆ ಸ್ಥಾನ ಹೆಂಗಸರಿಗೆ ಸಲ್ಲದು, ಎತ್ತರದ ದನಿ ಬೇಕಿದ್ದರೆ ಬಾಲಕರಿಂದ ಹಾಡಿಸಿರಿ ಎಂದು ಅದರಲ್ಲಿತ್ತು. ಅದಕ್ಕೂ ಹಿಂದೆ ಇನ್ನೂ ಕ್ರೂರವಾದ ದಾರಿಯೊಂದಿತ್ತು. ಹೆಂಗಸರನ್ನು ದೂರವಿಟ್ಟ ವೃಂದಗಳಿಗೆ ಹೆಣ್ಣುದನಿಯಂತಹ ದನಿ ಬೇಕಾಗಿ, ಗಂಡುಮಕ್ಕಳ ದನಿ ಒಡೆಯುವ ಮೊದಲೇ ಅವರ ಬೀಜ ಒಡೆಸುತ್ತಿದ್ದರು. ರೋಮಿನ ಸಿಸ್ಟೈನ್ ದೇವಾಲಯದಲ್ಲಿ ಅಂಥವರು ಮುನ್ನೂರು ವರ್ಷಗಳ ಕಾಲ ಹಾಡಿದರು. ಅವರಲ್ಲಿ ಕೊನೆಯವನಾದ ಅಲೆಸ್ಸಾಂಡ್ರೊ ಮೊರೆಸ್ಕಿ 1913ರವರೆಗೂ ಆ ವೃಂದದಲ್ಲಿದ್ದು 1922ರಲ್ಲಿ ತೀರಿಕೊಂಡ. 1902 ಮತ್ತು 1904ರಲ್ಲಿ ಮುದ್ರಿಸಿಕೊಂಡ ಅವನ ದನಿ ಈಗಲೂ ಕೇಳಸಿಗುತ್ತದೆ. ದೇವರ ಸ್ತುತಿ ಸುಂದರವಾಗಿರಲೆಂದು ದೇವರು ಕೊಟ್ಟ ದೇಹವನ್ನೇ ಕೊಯ್ದರು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಮನುಷ್ಯರಿಗಿಂತ ಹಾಡು ದೊಡ್ಡದಾದರೆ ಆಗುವುದು ಹೀಗೆ.

ಈ ನಿಯಮ ನಿಧಾನವಾಗಿ ಸಡಿಲವಾಯಿತು. 1955ರಲ್ಲಿ, ಬಾಲಕರ ವೃಂದ ಸಿಗದ ಕಡೆ, ಪೀಠದ ಆವರಣದ ಹೊರಗೆ ನಿಂತು ಹೆಂಗಸರೂ ಹಾಡಬಹುದೆಂದಾಯಿತು. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಜನರ ಭಾಷೆಗೆ ಪೂಜೆಯ ಬಾಗಿಲು ತೆರೆಯಿತು. ಲ್ಯಾಟಿನ್ನಿನ ಜಾಗಕ್ಕೆ ನಮ್ಮಲ್ಲಿ ಕೊಂಕಣಿಯೂ ಕನ್ನಡವೂ ಬಂದವು. 1967ರ ಸೂಚನೆಯಲ್ಲಿ ಹೆಂಗಸರೇ ಇರುವ ವೃಂದಕ್ಕೂ ಒಪ್ಪಿಗೆ ಸಿಕ್ಕಿತು. ಜೊತೆಗೆ ಒಂದು ಎಚ್ಚರಿಕೆಯೂ ಇತ್ತು: ವೃಂದ ಹಾಡುತ್ತದೆಂದು ಜನರ ಬಾಯಿ ಮುಚ್ಚಬಾರದು. ಈಗ ನಮ್ಮ ಚಾವಡಿಯಲ್ಲಿ ಹದಿನೈದರಲ್ಲಿ ಹತ್ತು ಮಂದಿ ಹುಡುಗಿಯರು. ನೂರಿಪ್ಪತ್ತು ವರ್ಷಗಳ ಹಿಂದಿನ ಆ ಆಜ್ಞೆಯ ಪ್ರಕಾರ ಅವರಲ್ಲಿ ಒಬ್ಬಳಿಗೂ ಜಾಗವಿರುತ್ತಿರಲಿಲ್ಲ, ಶ್ರುತಿ ಎಷ್ಟು ಶುದ್ಧವಾಗಿದ್ದರೂ.

ಫೆಬ್ರವರಿ ಇಲ್ಲವೆ ಮಾರ್ಚಿನಲ್ಲಿ ತಪಸ್ಸು ಕಾಲ ಬರುತ್ತದೆ. ಬೂದಿ ಬುಧವಾರದಿಂದ ಪಾಸ್ಖದ ಜಾಗರಣೆಯವರೆಗೆ 'ಅಲ್ಲೆಲೂಯ' ಎಂಬ ಪದವನ್ನೇ ಹಾಡುವಂತಿಲ್ಲ. ಮಕ್ಕಳ ಪಾಲಿಗೆ ಇದು ಉಪವಾಸಕ್ಕಿಂತ ಕಷ್ಟ. ವಾದ್ಯಗಳೂ ಹಾಡಿಗೆ ಊರುಗೋಲಾಗಿ ಮಾತ್ರ. ಪವಿತ್ರ ಗುರುವಾರ ಸಂಜೆ ಮಹಿಮಾಗೀತೆಯ ಹೊತ್ತಿಗೆ ಗಂಟೆಗಳೆಲ್ಲ ಮೊಳಗಿ, ಆಮೇಲೆ ಸುಮ್ಮನಾಗುತ್ತವೆ. ಮತ್ತೆ ಮೊಳಗುವುದು ಜಾಗರಣೆಯ ರಾತ್ರಿಯೇ. ಆ ದಿನಗಳಲ್ಲಿ ನಮ್ಮವರು ಕೀಬೋರ್ಡಿಗೆ ಬಟ್ಟೆ ಹೊದಿಸಿಡುತ್ತಾರೆ. ಆಗ ಚೆನ್ನಾಗಿ ಹಾಡುವವರ ದನಿಯೂ ಆಧಾರವಿಲ್ಲದೆ ಜಾರುತ್ತದೆ. ಬರೀ ಗಂಟಲಿನಲ್ಲಿ ಹಾಡುವಾಗ ಎಲ್ಲರೂ ಸ್ವಲ್ಪ ಸ್ವಲ್ಪ ಬಡವರೇ.

ಗುರುವಾರದ ಆ ರಾತ್ರಿಯ ಬಗ್ಗೆ ಶುಭಸಂದೇಶದಲ್ಲಿ ಒಂದು ಸಣ್ಣ ವಿವರವಿದೆ. ಕಡೆಯ ಭೋಜನ ಮುಗಿದ ಮೇಲೆ ಯೇಸುವೂ ಶಿಷ್ಯರೂ ಒಂದು ಕೀರ್ತನೆ ಹಾಡಿ ಓಲಿವ್ ಗುಡ್ಡದ ಕಡೆ ಹೊರಟರು. ಹಾಡಿದವರಲ್ಲಿ ಬೆಸ್ತರೂ ಇದ್ದರು. ಕೆಲವೇ ಗಂಟೆಗಳಲ್ಲಿ ಅವರೆಲ್ಲ ಓಡಿಹೋದರು, ಪೇತ್ರನಂತೂ ಅವನನ್ನು ಅರಿಯೆನೆಂದ. ಹೇಗೆ ಹಾಡಿದರೆಂದು ಯಾರೂ ಬರೆದಿಟ್ಟಿಲ್ಲ. ಯೇಸು ಅವರೊಂದಿಗೇ ಹಾಡಿದ.

ಹಾಡು ಚೆನ್ನಾಗಿದ್ದರೂ ಅಪಾಯವಿದೆ ಎಂದವರು ಸಂತ ಅಗಸ್ಟಿನರು. ನಾಲ್ಕನೆಯ ಶತಮಾನದ ಕೊನೆಗೆ ಬರೆದ ಆತ್ಮಕಥೆಯಲ್ಲಿ, ಚರ್ಚಿನ ಹಾಡು ಕೇಳಿ ತಾವು ಅತ್ತದ್ದನ್ನು ಅವರು ನೆನೆಯುತ್ತಾರೆ. ಕೂಡಲೇ, ಹಾಡಿನ ಅರ್ಥಕ್ಕಿಂತ ದನಿಯೇ ತನ್ನನ್ನು ಹೆಚ್ಚು ಕಲಕಿದರೆ ಅದು ಪಾಪವೆಂದೂ ಹೇಳುತ್ತಾರೆ. ಹಾಗೆಂದು ಹಾಡೇ ಬೇಡವೆನ್ನಲೂ ಅವರಿಗೆ ಮನಸ್ಸಿಲ್ಲ. ಇಷ್ಟು ದೊಡ್ಡ ಪಂಡಿತರು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ವಾಲುವುದನ್ನು ಓದುವಾಗ ನನಗೆ ಸಮಾಧಾನವಾಗುತ್ತದೆ. ನಮ್ಮ ಬಸವಣ್ಣನವರೂ ತಾಳದ ಲೆಕ್ಕ ತಮಗೆ ತಿಳಿಯದೆಂದು ದೇವರಲ್ಲಿ ಹೇಳಿಕೊಂಡವರಲ್ಲವೆ?

ಪಾಸ್ಖದ ನಂತರ ಏಪ್ರಿಲ್, ಮೇ ಮದುವೆಗಳ ಕಾಲ. ಚೆನ್ನಾಗಿ ಹಾಡುವವರಿಗೆ ಬೇಡಿಕೆ, ಮೇಲೊಂದು ಲಕೋಟೆ. ಜೂನ್ ಬಂತೆಂದರೆ ಮಳೆ, ಕಾಲೇಜು, ಪರೀಕ್ಷೆ. ಅಭ್ಯಾಸಕ್ಕೆ ಆರೇಳು ಮಂದಿ ಬಂದರೆ ಹೆಚ್ಚು.

ಮಳೆಗಾಲದಲ್ಲಿ ಸಾವುಗಳೂ ಹೆಚ್ಚು ಎಂದು ನಮ್ಮ ಕಡೆ ಹಿರಿಯರು ಹೇಳುತ್ತಾರೆ. ಜುಲೈಯ ಒಂದು ಬುಧವಾರ, ಮುಂಬಯಿಯಲ್ಲಿ ದುಡಿದು ಮುದಿಯಾಗಿ ಊರಿಗೆ ಮರಳಿದ್ದ ಒಬ್ಬರು ತೀರಿಕೊಂಡರು. ಮಕ್ಕಳಿಲ್ಲ, ಹೆಂಡತಿ ಒಬ್ಬರೇ. ಮಧ್ಯಾಹ್ನ ಮೂರೂವರೆಗೆ ಮಣ್ಣು. ಕೆಲಸದ ದಿನ, ಸುರಿಯುವ ಮಳೆ. ಸಿಸ್ಟರ್ ಎಲ್ಲರಿಗೂ ಫೋನು ಮಾಡಿದರು. ಬಂದವರು ಮೂವರು, ಅವರಲ್ಲಿ ಒಬ್ಬಳು ಬಟ್ಟೆಯಂಗಡಿಯ ಹುಡುಗಿ. ಅರ್ಧ ದಿನದ ಸಂಬಳ ಬಿಟ್ಟು, ಒದ್ದೆ ಚೂಡಿದಾರದಲ್ಲಿ ಬಂದು ನಿಂತಿದ್ದಳು. ಪದ ಪೂರ್ತಿ ಗೊತ್ತಿದ್ದವಳು ಅವಳೊಬ್ಬಳೇ ಆದ್ದರಿಂದ ಅವಳೇ ಎತ್ತಿಕೊಟ್ಟಳು.

ಹಾಡು ಚೆನ್ನಾಗಿತ್ತು ಎಂದು ನಾನು ಸುಳ್ಳು ಹೇಳುವುದಿಲ್ಲ. ಎತ್ತರದ ಸ್ವರ ಎಂದಿನಂತೆ ಕೆಳಗಿಳಿಯಿತು. ಆದರೆ ಬೆಂಚುಗಳಲ್ಲಿದ್ದ ಹತ್ತಿಪ್ಪತ್ತು ಮುದುಕಿಯರಿಗೆ ಆ ದನಿಯೊಂದಿಗೆ ಹಾಡಲು ಸಂಕೋಚವಾಗಲಿಲ್ಲ. ಕ್ರಿಸ್ಮಸ್ಸಿನ ರಾತ್ರಿ ಮೈಕಿನ ಅಬ್ಬರಕ್ಕೆ ಬಾಯಿಮುಚ್ಚಿ ಕೇಳುತ್ತಿದ್ದ ಅವರೆಲ್ಲ ಅಂದು ಹಾಡಿದರು. ತೀರಿಕೊಂಡವರ ಹೆಂಡತಿಯೂ ಎರಡನೆಯ ಚರಣಕ್ಕೆ ದನಿ ಸೇರಿಸಿದರು. ಆಮೇಲೆ ಅವರು ಹುಡುಗಿಯ ಕೈ ಹಿಡಿದು, "ನೀನು ಬಂದೆಯಲ್ಲ ಮಗಾ" ಎಂದರು. ಚೆನ್ನಾಗಿ ಹಾಡಿದೆ ಎನ್ನಲಿಲ್ಲ.

ಸೆಪ್ಟೆಂಬರಿನ ಮೊಂತಿ ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಮಾತೆ ಮರಿಯಳಿಗೆ ಹೂವೆರಚುತ್ತ ಹಾಡುತ್ತಾರೆ. ಎಂಟರಂದು ಹೊಸ ತೆನೆಯ ಆಶೀರ್ವಾದ. ಅಲ್ಲಿ ಐದು ವರ್ಷದ ಮಗುವಿನ ಶ್ರುತಿಯನ್ನು ಯಾರೂ ಅಳೆಯುವುದಿಲ್ಲ. ಅಳೆಯಲು ಶುರು ಮಾಡುವುದು ಯಾವ ವಯಸ್ಸಿನಲ್ಲಿ ಎಂದು ನಾನು ಆ ಸಲ ಯೋಚಿಸಿದೆ. ನವೆಂಬರ್ 22 ಸಂಗೀತಗಾರರ ಪಾಲಕಿ ಸಂತ ಸೆಸಿಲಿಯಾಳ ಹಬ್ಬ. ಅವಳ ಕತೆಯಲ್ಲಿ, ಮದುವೆಯ ದಿನ ವಾದ್ಯಗಳು ಮೊಳಗುತ್ತಿರುವಾಗ ಅವಳು ದೇವರಿಗೆ ಹಾಡಿದ್ದು ಮನಸ್ಸಿನೊಳಗೇ. ಆ ಹಾಡನ್ನು ಯಾರೂ ಕೇಳಲಿಲ್ಲ. ಅವಳಿಗೆ ಶ್ರುತಿಜ್ಞಾನವಿತ್ತೋ ಇಲ್ಲವೋ, ಕತೆ ಅದನ್ನು ಹೇಳುವುದಿಲ್ಲ.

ಇದರಿಂದ ಎಲ್ಲರೂ ಎಲ್ಲ ಕಡೆ ಹಾಡಬೇಕು ಎಂಬ ತೀರ್ಮಾನಕ್ಕೆ ನಾನು ಬಂದಿಲ್ಲ. ಸ್ಪರ್ಧೆಗೆ ಅವಳನ್ನು ಬಿಟ್ಟದ್ದು ಸರಿಯೇ. ಆದರೆ ಯಾವುದೇ ವೃಂದಕ್ಕೆ, ಯಾವುದೇ ಮನೆಗೆ ಎರಡು ಪಟ್ಟಿಗಳಿರುತ್ತವೆ: ಕಪ್ಪು ಗೆದ್ದು ಕೊಡುವವರದು ಒಂದು, ಮಳೆಯ ಬುಧವಾರ ಬರುವವರದು ಇನ್ನೊಂದು. ಕೆಲವರ ಹೆಸರು ಎರಡರಲ್ಲೂ ಇರುತ್ತದೆ, ಅಂಥವರು ಪುಣ್ಯವಂತರು. ಯಾರ ಹೆಸರು ಎರಡನೆಯದರಲ್ಲಿ ಮಾತ್ರ ಇದೆಯೋ ಅವರಿಗೆ ಅವರ ಶ್ರುತಿಯ ಬಗ್ಗೆ ನಿಜ ಹೇಳೋಣ, ಅವರ ಜಾಗ ಮಾತ್ರ ಕೀಳದಿರೋಣ. ವರ್ಷದ ಆರಂಭದಲ್ಲಿ ಹೆಸರು ಬರೆಯುವಾಗ ಮೊದಲು ಬರೆಯಬೇಕಾದದ್ದು ಆ ಎರಡನೆಯ ಪಟ್ಟಿಯನ್ನು.