ತಪ್ಪಾಯ್ತು ಅಂದರೆ ತೀರಿತೆ?

'ತಪ್ಪಾಯ್ತು ಬುದ್ಧಿ.' ನಮ್ಮ ಮನೆಗಳಿಗೆ ಅಕ್ಷರಕ್ಕಿಂತ ಮೊದಲು ಬಂದ ಮಾತು ಇದು. ದನ ಬೇಲಿ ನುಗ್ಗಿದರೆ ತಪ್ಪಾಯ್ತು, ಕೂಲಿ ಕೇಳಿದರೆ ತಪ್ಪಾಯ್ತು, ಸುಮ್ಮನೆ ಎದುರಿಗೆ ಬಂದರೂ ತಪ್ಪಾಯ್ತು. ತಾತಂದಿರು ಅಂದರು, ಅಪ್ಪಂದಿರು ಅಂದರು. ಮೇಲಿನವರು ಕೆಳಗಿನವರಿಗೆ ಈ ಮಾತು ಅಂದದ್ದನ್ನು ನಾವು ಕೇಳಿದ್ದಿಲ್ಲ. ಅದಕ್ಕೇ ನಾಕಕ್ಷರ ಕಲಿತು ಕಾದಂಬರಿ ಕೈಗೆತ್ತಿಕೊಂಡಾಗ ನಮ್ಮನ್ನು ಕಾಡಿದ ಪ್ರಶ್ನೆ ಇದು: ಒಡೆಯನೇ ಬಂದು ಕೈಮುಗಿದರೆ ಕ್ಷಮಿಸಲೇಬೇಕೆ?

ಬೇಡ ಅಂದವಳು ರಷ್ಯಾದ ಒಬ್ಬ ಹೆಣ್ಣುಮಗಳು. ಟಾಲ್‌ಸ್ಟಾಯ್ 1899ರಲ್ಲಿ ಪ್ರಕಟಿಸಿದ 'ರಿಸರೆಕ್ಷನ್' ಕಾದಂಬರಿಯ ಕಾತ್ಯೂಷಾ ಮಾಸ್ಲೋವಾ. ದನದ ಕೊಟ್ಟಿಗೆಯಲ್ಲಿ ದುಡಿಯುವವರ ಮನೆಯ ಕೂಸು. ಜಮೀನುದಾರ ಅಕ್ಕತಂಗಿಯರ ಮನೆಯಲ್ಲಿ ಅರ್ಧ ಆಳಾಗಿ, ಅರ್ಧ ಸಾಕುಮಗಳಾಗಿ ಬೆಳೆದಳು. ಆ ಮನೆಗೆ ಬಂದ ಅವರ ಸೋದರಳಿಯ ನೆಖ್ಲ್ಯುಡೋವ್ ಅವಳನ್ನು ಕೆಡಿಸಿ, ನೂರು ರೂಬಲ್ ನೋಟು ತುರುಕಿ ಹೋದ. ಅವಳು ಬಸುರಾದಳು, ಮನೆಯಿಂದ ಹೊರಬಿದ್ದಳು, ಕೂಸು ಸತ್ತಿತು, ಕೊನೆಗೆ ಸೂಳೆಮನೆ ಸೇರಿದಳು. ವರ್ಷಗಳ ಮೇಲೆ ಕೊಲೆ ಕೇಸಿನಲ್ಲಿ ಅವಳು ಕಟಕಟೆಯಲ್ಲಿ, ಅವನು ಜ್ಯೂರಿಯಲ್ಲಿ! ಕೊಲ್ಲುವ ಉದ್ದೇಶ ಅವಳಿಗಿರಲಿಲ್ಲ ಅಂತ ಒಂದು ಸಾಲು ಬರೆಯೋದನ್ನು ಜ್ಯೂರಿ ಮರೆಯಿತು. ನಾಲ್ಕು ವರ್ಷ ಸೈಬೀರಿಯಾದ ಕಠಿಣ ಶಿಕ್ಷೆ ಬಿತ್ತು.

ಆಗ ಅವನ ಆತ್ಮಸಾಕ್ಷಿ ಎದ್ದು ಕೂತಿತು. ಜೈಲಿಗೆ ಬಂದು ಕ್ಷಮಿಸು ಅಂದ, ಮದುವೆಯಾಗ್ತೀನಿ ಅಂದ. ಅವಳು ಕೆರಳಿದಳು. ಅಂದು ತನ್ನಿಂದ ಸುಖ ಪಡೆದವನು ಇಂದು ತನ್ನಿಂದಲೇ ಪರಲೋಕವನ್ನೂ ಗಿಟ್ಟಿಸಲು ಬಂದಿದ್ದಾನೆ ಅನ್ನೋದು ಅವಳ ಸಿಟ್ಟಿನ ಸಾರ.

ಇದನ್ನು ದ್ವೇಷ ಅನ್ನೋರಿದ್ದಾರೆ. ಸಿಟ್ಟು ಇಟ್ಟುಕೊಂಡವರನ್ನೂ ಸುಡುತ್ತದೆ, ಒಪ್ಪಿದೆವು. ಆದರೆ ಹೊಡೆದವನಿಗೆ ಕ್ಷಮೆ ಯಾಕೆ ಬೇಕು? ರಾತ್ರಿ ನಿದ್ದೆ ಬರಲಿ ಅಂತ. ಹೊಡೆಸಿಕೊಂಡವಳೇ ಅವನ ನಿದ್ದೆಗೂ ಚಾಪೆ ಹಾಸಬೇಕೆ? ಅದೂ ಒಂದು ಬಿಟ್ಟಿ ಚಾಕರಿ ತಾನೆ?

ಕಾತ್ಯೂಷಾ ಇನ್ನೊಂದು ಕೆಲಸ ಮಾಡಿದಳು. ಬೆಂಕಿ ಹಚ್ಚಿದರೆಂಬ ಸುಳ್ಳು ಆರೋಪದ ಮೇಲೆ ಮೆನ್ಷೋವಾ ಎಂಬ ಮುದುಕಿ, ಅವಳ ಮಗ ಅದೇ ಜೈಲಿನಲ್ಲಿದ್ದರು. ಅವರಿಗಾಗಿ ಓಡಾಡು ಅಂತ ಅವನಿಗೆ ಹೇಳಿದಳು. ಕ್ಷಮೆ ಕೊಡಲಿಲ್ಲ, ಕೆಲಸ ಕೊಟ್ಟಳು. ಅವನು ಕಚೇರಿಯಿಂದ ಕಚೇರಿಗೆ ಅಲೆದ. ಯಾವ ಪನೋವೊ ಊರಿನಲ್ಲಿ ಅವಳನ್ನು ಕೆಡಿಸಿದ್ದನೋ, ಅಲ್ಲಿ ಅತ್ತೆಯರಿಂದ ಬಂದ ಜಮೀನನ್ನು ರೈತರಿಗೇ ಬಿಟ್ಟ. ಗೇಣಿ ಹಣವೂ ಅವರ ಊರಿನ ಖರ್ಚಿಗೇ ಅಂದ. ಮೊದಲ ದಿನವೇ ಅವಳು ಕ್ಷಮಿಸಿದ್ದರೆ ಇಷ್ಟೆಲ್ಲ ಮಾಡುತ್ತಿದ್ದನೆ? ಹಗುರಾಗಿ ಮನೆಗೆ ಹೋಗಿ ಮಲಗುತ್ತಿದ್ದ ಅಂತ ನಮ್ಮ ಗುಮಾನಿ.

ನಮ್ಮ ತಕರಾರು ಟಾಲ್‌ಸ್ಟಾಯ್ ಮೇಲೆ. ಕೊನೆಗೆ ಶಿಕ್ಷೆ ಇಳಿದಾಗಲೂ ಕಾತ್ಯೂಷಾ ಅವನನ್ನು ಒಪ್ಪದೆ, ರಾಜಕೀಯ ಕೈದಿ ಸಿಮೊನ್ಸನ್ ಜೊತೆ ಬದುಕಲು ನಿರ್ಧರಿಸುತ್ತಾಳೆ. ಸರಿ. ಆದರೆ ಅಗಲುವಾಗ ಅವಳ ಬಾಯಲ್ಲಿ ಬರೋ ಮಾತು 'ಕ್ಷಮಿಸಿ'. ರಷ್ಯನ್ನಿನಲ್ಲಿ ಬೀಳ್ಕೊಡುವ ಮಾತಿಗೂ ಕ್ಷಮೆಯ ಮಾತಿಗೂ ಬೇರು ಒಂದೇ. ಅವಳು ಆಡಿದ್ದು ಕ್ಷಮೆಯ ಮಾತನ್ನೇ. ತನ್ನ ಮೇಲಿನ ಪ್ರೀತಿಯಿಂದಲೇ, ತನ್ನ ಬದುಕು ಕೆಡದಿರಲಿ ಅಂತ ದೂರ ಸರಿದಳು ಎಂದು ಅವನು ತಿಳಿಯುತ್ತಾನೆ. ಅಂಥ ದೊಡ್ಡ ಮನಸ್ಸಿನ ಲೇಖಕನ ಕೈಯಲ್ಲೂ ಕಟ್ಟಕಡೆಗೆ ತಪ್ಪಾಯ್ತು ಅಂದವಳು ಅವಳೇ! ಆ ಪುಟದಲ್ಲಿ ನಮಗೆ ನಮ್ಮ ಅವ್ವಂದಿರ ದನಿ ಕೇಳಿಸಿತು.

ಕೇಳಿದ ಕೂಡಲೆ ತೀರಿಸೋಕೆ ಕ್ಷಮೆ ನಾವು ಮಾಡಿದ ಸಾಲವೆ? ಅದು ನೊಂದವರ ಸ್ವಂತದ್ದು. ಬೇರೆ ಆಸ್ತಿ ಇಲ್ಲದವರಿಗೆ ಇರೋದು ಅದೊಂದೇ. ಕೊಟ್ಟಾರು, ಕೊಡದೆಯೂ ಇದ್ದಾರು. ಕೊಡದವರನ್ನು ಸಣ್ಣವರು ಅನ್ನಬೇಡಿ. ಮೊದಲು ಜಮೀನು ಬಿಡಿ, ಒಳಗಿರೋ ಮುದುಕಿಯನ್ನು ಬಿಡಿಸಿ. ಕ್ಷಮೆಯ ಮಾತು ಆಮೇಲೆ. ಅದೂ ನಮಗೆ ಅನ್ನಿಸಿದರೆ.