ಶೋಧಪೆಟ್ಟಿಗೆ ಮತ್ತು ಅನುಪಲಬ್ಧಿ

ಒಂದು ವಸ್ತು ಕಾಣದಿದ್ದಾಗ ಅದು ಅಲ್ಲಿ ಇಲ್ಲವೆಂದು ತಿಳಿಯುವುದು ಹೇಗೆ, ಆ ತಿಳಿವಿಗೆ ಪ್ರಮಾಣ, ಅಂದರೆ ಯಥಾರ್ಥಜ್ಞಾನದ ಸಾಧನ, ಯಾವುದು ಎಂಬ ಪ್ರಶ್ನೆಯನ್ನು ಭಾರತೀಯ ದಾರ್ಶನಿಕರು ಶತಮಾನಗಳ ಕಾಲ ಚರ್ಚಿಸಿದ್ದಾರೆ. ನೆಲದ ಮೇಲೆ ಗಡಿಗೆಯಿಲ್ಲವೆಂಬ ಅರಿವನ್ನು ಮುಂದಿಟ್ಟುಕೊಂಡು ಮೀಮಾಂಸಕ ಕುಮಾರಿಲಭಟ್ಟನು ಕಾಣದಿರುವಿಕೆಯೇ ಒಂದು ಸ್ವತಂತ್ರ ಪ್ರಮಾಣವೆಂದು ವಾದಿಸಿದನು. ಅನುಪಲಬ್ಧಿಯೆಂದು ಹೆಸರಾದ ಇದನ್ನು ಅದ್ವೈತಿಗಳೂ ಒಪ್ಪಿಕೊಂಡರು. ಅಭಾವವೂ ಪ್ರತ್ಯಕ್ಷದಿಂದಲೇ ಗೊತ್ತಾಗುತ್ತದೆಂದು ನೈಯಾಯಿಕರು ಹೇಳಿದರೆ, ಮಧ್ವಾಚಾರ್ಯರ ಪರಂಪರೆಯು ಪ್ರತ್ಯಕ್ಷ, ಅನುಮಾನ, ಆಗಮಗಳೆಂಬ ಮೂರೇ ಪ್ರಮಾಣಗಳು ಸಾಕೆಂದಿತು. ಅನುಪಲಬ್ಧಿಯನ್ನು ಪ್ರಮಾಣವೆಂದವರು ಅದಕ್ಕೆ ಯೋಗ್ಯತೆಯೆಂಬ ನಿಬಂಧನೆಯನ್ನು ಹಾಕಿದರು: ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂತಿದ್ದಾಗ ಮಾತ್ರ ಕಾಣದಿರುವಿಕೆಯಿಂದ ಇಲ್ಲದಿರುವಿಕೆ ಸಿದ್ಧಿಸುತ್ತದೆ. ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂದರೆ ಏನೂ ಸಿದ್ಧಿಸುವುದಿಲ್ಲ.

ಈ ನಿಬಂಧನೆ ಇಂದು ತೀರ ಲೌಕಿಕವಾದ ಒಂದು ಕಡೆ ದಿನನಿತ್ಯ ಪರೀಕ್ಷೆಗೊಳಗಾಗುತ್ತಿದೆ. 2015ರಲ್ಲಿ ಸಾರ್ವತ್ರಿಕ ಬಳಕೆಗೆ ಬಂದ ಮೈಕ್ರೋಸಾಫ್ಟ್‌ನ ಪವರ್ ಬಿಐಯಂತಹ ತಂತ್ರಾಂಶಗಳಲ್ಲಿ ಸಂಸ್ಥೆಯ ಮಾರಾಟ, ದಾಸ್ತಾನು, ದೂರುಗಳ ದತ್ತಾಂಶವು, ನೋಡುವವರು ಒತ್ತಿ ಆಯ್ದು ಬದಲಿಸಬಹುದಾದ ವರದಿಯಾಗಿ ಪರದೆಯ ಮೇಲೆ ನಿಲ್ಲುತ್ತದೆ. ಅಂತಹ ವರದಿಗೆ ಪಠ್ಯಶೋಧಕವನ್ನು, ಅಂದರೆ ಹೆಸರಿನ ಕೆಲವು ಅಕ್ಷರಗಳನ್ನು ಟೈಪ್ ಮಾಡಿದೊಡನೆ ಗೊತ್ತುಪಡಿಸಿದ ಕಾಲಂನಲ್ಲಿ ಆ ಅಕ್ಷರಗಳಿರುವ ಸಾಲುಗಳನ್ನಷ್ಟೇ ಉಳಿಸಿಕೊಳ್ಳುವ ಪೆಟ್ಟಿಗೆಯನ್ನು, ಸೇರಿಸುವುದು ಸಣ್ಣ ಕೆಲಸವೆಂದೇ ಎಣಿಕೆ. ಆದರೆ ಆ ಪೆಟ್ಟಿಗೆ ಬಂದೊಡನೆ ವರದಿಯು ‘ಏನಿದೆ’ ಎಂಬುದರ ಜೊತೆಗೆ ‘ಏನಿಲ್ಲ’ ಎಂಬುದಕ್ಕೂ ಸಾಕ್ಷಿ ನುಡಿಯತೊಡಗುತ್ತದೆ. ಗ್ರಾಹಕರೊಬ್ಬರ ಹೆಸರು ಟೈಪ್ ಮಾಡಿದಾಗ ಪಟ್ಟಿ ಬರಿದಾದರೆ, ಅವರ ದೂರು ಬಂದೇ ಇಲ್ಲವೆಂದು ಅಧಿಕಾರಿ ಬರೆದುಬಿಡಬಹುದು. ಮನುಷ್ಯರ ಅಹವಾಲು ಹೀಗೆ ಅಳಿದುಹೋಗಬಹುದಾದುದರಿಂದ ಇದನ್ನು ತಂತ್ರಜ್ಞರ ವಿಷಯವೆಂದು ಬದಿಗಿಡುವುದು ಸರಿಯಲ್ಲ.

ಇಲ್ಲಿ ಹೆಚ್ಚು ನೆರವಾಗುವವನು ಬೌದ್ಧ ತಾರ್ಕಿಕ ಧರ್ಮಕೀರ್ತಿ. ದೇಶದಿಂದ, ಕಾಲದಿಂದ ಅಥವಾ ಸ್ವಭಾವದಿಂದ ದೂರವಾದ ವಸ್ತು ಕಾಣದಿದ್ದರೆ ಅದರಿಂದ ಹುಟ್ಟುವುದು ಸಂಶಯವೇ ಹೊರತು ಅಭಾವದ ನಿಶ್ಚಯವಲ್ಲ ಎಂಬುದು ಅವನ ನಿಲುವು. ಈ ಮೂರು ದೂರಗಳೂ ವರದಿಯಲ್ಲಿವೆ. ಪೆಟ್ಟಿಗೆ ಹುಡುಕುವುದು ಒಂದು ಕಾಲಂನಲ್ಲಿ, ಹೆಸರಿರುವುದು ಇನ್ನೊಂದರಲ್ಲಿ. ಇದು ದೇಶದ ದೂರ. ಬೆಳಗ್ಗೆ ತುಂಬಿಸಿಕೊಂಡ ದತ್ತಾಂಶದಲ್ಲಿ ಮಧ್ಯಾಹ್ನದ ದೂರು ಸಿಗುವುದಿಲ್ಲ, ಇದು ಕಾಲದ್ದು. ಮೂರನೆಯದು ಎಲ್ಲಕ್ಕಿಂತ ಮೋಸಗೊಳಿಸುವಂಥದು, ಏಕೆಂದರೆ ಅಲ್ಲಿ ಸಾಲು ಕಣ್ಣೆದುರಿಗೇ ಇದ್ದೂ ಯಂತ್ರಕ್ಕೆ ಬೇರೆಯಾಗಿ ತೋರುತ್ತದೆ. ಕರ್ನಾಟಕದ ಹನ್ನೆರಡು ನಗರಗಳ ಹೆಸರುಗಳು 2014ರ ನವೆಂಬರ್ 1ರಿಂದ ಅಧಿಕೃತವಾಗಿ ಬದಲಾದವು. ಹಳೆಯ ಸಾಲುಗಳಲ್ಲಿ ಗುಲ್ಬರ್ಗ ಎಂದೇ ಉಳಿದಿದ್ದರೆ ಕಲಬುರಗಿ ಎಂದು ಹುಡುಕಿದವರಿಗೆ ಆ ವರ್ಷಗಳ ವ್ಯವಹಾರವೆಲ್ಲ ನಡೆದೇ ಇಲ್ಲವೆಂಬಂತೆ ತೋರುತ್ತದೆ. ವಿಜಯಪುರ ಎಂದರೆ ದೇವನಹಳ್ಳಿ ಬಳಿಯ ವಿಜಯಪುರದ ಸಾಲುಗಳೂ ಬಂದು ಸೇರಬಹುದು. ತರ್ಕಶಾಸ್ತ್ರದಲ್ಲಿ ಮೊದಲನೆಯದು ಅವ್ಯಾಪ್ತಿ, ಅಂದರೆ ಸೇರಬೇಕಾದುದು ಸೇರದಿರುವ ದೋಷ, ಎರಡನೆಯದು ಅತಿವ್ಯಾಪ್ತಿ, ಸೇರಬಾರದುದು ಸೇರುವ ದೋಷ. ಬೇಡದ ಸಾಲು ಕಣ್ಣಿಗೆ ಬಿದ್ದರೆ ಪ್ರಶ್ನೆ ಏಳುತ್ತದೆ. ಬಾರದ ಸಾಲಿನ ಬಗ್ಗೆ ಪ್ರಶ್ನೆ ಏಳುವುದೇ ಇಲ್ಲ.

ಪವರ್ ಬಿಐಯ ಲೆಕ್ಕದ ಭಾಷೆಯಾದ ಡ್ಯಾಕ್ಸ್ ಈ ವಿಷಯದಲ್ಲಿ ಮೊದಲು ಎಚ್ಚರ ವಹಿಸಿ ಆಮೇಲೆ ಅದನ್ನು ಸಡಿಲಿಸುತ್ತದೆ. ಒಂದು ಸಾಲೂ ಉಳಿಯದಿದ್ದಾಗ ಅದರಲ್ಲಿ ಮೊತ್ತದ ಉತ್ತರ ಸೊನ್ನೆಯಾಗಿರುವುದಿಲ್ಲ, ‘ಬ್ಲ್ಯಾಂಕ್’ ಎಂಬ ಬೇರೆಯದೇ ಬೆಲೆಯಾಗಿರುತ್ತದೆ. ಸೊನ್ನೆಯೆಂದರೆ ಎಣಿಸಿದ ಮೇಲೆ ತಿಳಿದ ಇಲ್ಲದಿರುವಿಕೆ, ಬ್ಲ್ಯಾಂಕ್ ಎಂದರೆ ಎಣಿಸಲು ಏನೂ ಕೈಗೆ ಬರಲಿಲ್ಲವೆಂಬ ಸ್ಥಿತಿ. ಆದರೂ ಸಾಮಾನ್ಯ ಸಮಚಿಹ್ನೆಯಿಂದ ಹೋಲಿಸಿದರೆ ಎರಡೂ ಒಂದೇ ಎಂದು ಅದೇ ಭಾಷೆ ಉತ್ತರಿಸುತ್ತದೆ. ಖಾಲಿ ಚೌಕ ಚೆಂದವಲ್ಲವೆಂದು ವರದಿ ತಯಾರಿಸುವವರು ಸೂತ್ರದ ಕೊನೆಗೆ ಒಂದು ಸೊನ್ನೆಯನ್ನು ಕೂಡಿಸಿ ಅದನ್ನು 0 ಆಗಿಸುವುದುಂಟು. ಜ್ಞಾನದ ಅಭಾವವು ಅಲ್ಲಿ ಅಭಾವದ ಜ್ಞಾನವಾಗಿ ವೇಷ ಬದಲಿಸುತ್ತದೆ. ಇದು ಅಲಂಕಾರದ ಮಾತಲ್ಲ, ಪ್ರಮಾಣದೋಷ.

ಪ್ರಾಭಾಕರ ಮೀಮಾಂಸಕರ ಆಕ್ಷೇಪವನ್ನೂ ಇಲ್ಲಿ ಗಮನಿಸಬೇಕು. ಅವರಿಗೆ ಅಭಾವವೆಂಬ ಬೇರೊಂದು ಪದಾರ್ಥವಿಲ್ಲ. ಗಡಿಗೆಯಿಲ್ಲವೆಂದರೆ ಬರಿಯ ನೆಲ ಕಂಡಿತೆಂದಷ್ಟೇ ಅರ್ಥ. ಆದರೆ ಗಡಿಗೆಯ ಉದಾಹರಣೆಯಲ್ಲಿ ನೆಲವಾದರೂ ಕಾಣುತ್ತಿತ್ತು. ವರದಿಯ ಮುಂದೆ ಕುಳಿತವರಿಗೆ ನೆಲವೇ, ಅಂದರೆ ಮೂಲ ದತ್ತಾಂಶವೇ, ಕಾಣುವುದಿಲ್ಲ. ಬಳಕೆದಾರರ ಅಧಿಕಾರಕ್ಕೆ ತಕ್ಕಂತೆ ಸಾಲುಗಳನ್ನು ಮರೆಮಾಡುವ ಭದ್ರತಾ ನಿಯಮವಿದ್ದರೆ ಒಬ್ಬರಿಗೆ ಬರಿದಾದ ಪಟ್ಟಿ ಇನ್ನೊಬ್ಬರಿಗೆ ತುಂಬಿರುತ್ತದೆ, ಏನೋ ಮರೆಯಾಗಿದೆ ಎಂಬ ಸುಳಿವೂ ಮೊದಲನೆಯವರಿಗೆ ಸಿಗದಿರಬಹುದು. ಆದಕಾರಣ ಇಲ್ಲಿ ಅಭಾವವು ಪ್ರತ್ಯಕ್ಷದಿಂದ ತಿಳಿಯುವಂಥದಲ್ಲ. ಯೋಗ್ಯತೆಯನ್ನು ಬಲ್ಲವನು ವರದಿ ಕಟ್ಟಿದವನೊಬ್ಬನೇ ಆಗಿರುವುದರಿಂದ ನೋಡುವವರು ನೆಚ್ಚಬೇಕಾದುದು ಆಪ್ತವಾಕ್ಯವನ್ನು, ಅಂದರೆ ವಿಷಯವನ್ನು ಬಲ್ಲ ಪ್ರಾಮಾಣಿಕನ ಮಾತನ್ನು. ಯಾವ ಕಾಲಂನಲ್ಲಿ ಹುಡುಕಲಾಗುತ್ತಿದೆ, ದತ್ತಾಂಶ ಯಾವ ಗಂಟೆಯವರೆಗಿನದು, ಯಾವ ಶಾಖೆಗಳ ಸಾಲುಗಳು ಇದರಲ್ಲಿ ಸೇರಿಲ್ಲ, ಹಳೆಯ ಹೆಸರುಗಳನ್ನು ಹೊಸ ಹೆಸರುಗಳೊಡನೆ ಹೊಂದಿಸಲಾಗಿದೆಯೇ ಎಂದು ಪೆಟ್ಟಿಗೆಯ ಪಕ್ಕದಲ್ಲಿ ಬರೆಯುವ ಎರಡು ಸಾಲುಗಳೇ ಆ ವಾಕ್ಯ.