ಶಕ್ತಿತಸ್ತಪವೂ ಸಂಧಿವಾತವೂ



ಮಣುವಕಹಳ್ಳಿಯಲ್ಲಿ ತಪೋನಿರತರಾಗಿದ್ದ ಸಮಂತಭದ್ರಾಚಾರ್ಯರಿಗೆ ಭಸ್ಮಕ ವ್ಯಾಧಿ ತಗುಲಿತೆಂದು ದೇವಚಂದ್ರನ ‘ರಾಜಾವಳೀಕಥೆ’ ಹೇಳುತ್ತದೆ. ಉಂಡುದೆಲ್ಲವೂ ಬೂದಿಯಾಗುವ ಆ ಹಸಿವಿಗೆ ಮುನಿಯ ಒಪ್ಪೊತ್ತಿನ ಮಿತಾಹಾರ ಯಾವ ಮೂಲೆಗೆ? ಅವರು ಗುರುಗಳಲ್ಲಿ ಸಲ್ಲೇಖನೆಯನ್ನು ಬೇಡಿದರು. ಗುರುಗಳು ಒಪ್ಪಲಿಲ್ಲ. ಮುನಿಮುದ್ರೆಯನ್ನು ಬದಿಗಿರಿಸಿ ಮೊದಲು ರೋಗವನ್ನು ನೀಗಿಕೊಳ್ಳಬೇಕು, ಬಳಿಕ ಮರಳಿ ದೀಕ್ಷೆಯನ್ನು ಕೈಕೊಳ್ಳಬೇಕು ಎಂದು ಆಜ್ಞಾಪಿಸಿದರು. ಆಚಾರ್ಯರು ಅಂತೆಯೇ ನಡೆದರು. ಅವರ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿಯೂ ಸಲ್ಲೇಖನೆಗೆ ಕಾರಣವಾಗುವ ರೋಗವು ಪ್ರತೀಕಾರವಿಲ್ಲದ ರೋಗವೇ ಆಗಿರಬೇಕೆಂದಿದೆ. ಮದ್ದುಳ್ಳ ರೋಗಕ್ಕೆ ಮದ್ದನ್ನು ಬಿಡುವುದು ತಪಸ್ಸೆಂದು ಅವರೆಲ್ಲಿಯೂ ಹೇಳಲಿಲ್ಲ.

ಈ ಮಾತನ್ನು ಇಂದು ಎತ್ತಬೇಕಾದುದು ನಮ್ಮ ಮನೆಗಳ ತಾಯಂದಿರ ಸಲುವಾಗಿ. ರುಮಟಾಯ್ಡ್ ಸಂಧಿವಾತವು ಗಂಡಸರಿಗಿಂತ ಹೆಂಗಸರನ್ನೇ ಹೆಚ್ಚಾಗಿ ಹಿಡಿಯುತ್ತದೆ. ಮೈಯನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ಕೀಲುಗಳ ಒಳಪೊರೆಯನ್ನು ಹಗೆಯೆಂದು ಬಗೆದು ಉರಿಯೆಬ್ಬಿಸುತ್ತದೆ. ಬೆಳಗ್ಗೆ ಎದ್ದರೆ ಬೆರಳುಗಳು ಬಹಳ ಹೊತ್ತು ಮಡಚಲಾರವು. ಇದನ್ನು ಬೇರುಸಹಿತ ಕೀಳುವ ಔಷಧವಿಲ್ಲ, ಅಡಗಿಸಿಡುವ ಔಷಧವುಂಟು. ನಡುವೆ ಬಿಟ್ಟರೆ ಅದು ಕೆರಳುತ್ತದೆ, ಕೀಲು ಸವೆಯುತ್ತದೆ, ಸವೆದುದು ಮರಳಿ ಬಾರದು.

ಕಾರ್ಕಳದ ಒಬ್ಬ ಶ್ರಾವಕಿಯನ್ನು ಭಾವಿಸಿರಿ. 1432ರಲ್ಲಿ ಪ್ರತಿಷ್ಠೆಗೊಂಡ ಗೊಮ್ಮಟನ ಬೆಟ್ಟವನ್ನು ಪ್ರತಿವರ್ಷ ಏರುತ್ತಿದ್ದವರು. ಈಗ ಮಣಿಪಾಲದ ವೈದ್ಯರ ಮದ್ದಿನಿಂದ ನಡೆದಾಡುತ್ತಿದ್ದಾರೆ. ದಶಲಕ್ಷಣ ಪರ್ವ ಬಂದಿತು. ಹತ್ತು ದಿನದ ಉಪವಾಸದ ಹಂಬಲ. ಗುಳಿಗೆಯನ್ನು ಮನೆಯವರಿಗೂ ತಿಳಿಸದೆ ಪೆಟ್ಟಿಗೆಯೊಳಗಿಟ್ಟರು. ಅಪಾಯವಿರುವುದು ಇಲ್ಲಿಯೇ. ದೀರ್ಘಕಾಲ ಸ್ಟೀರಾಯ್ಡ್ ಸೇವಿಸಿದವರು ಅದನ್ನು ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಎರವಾಗಬಹುದು. ವಾರಕ್ಕೊಮ್ಮೆ ಮಾತ್ರ ನುಂಗುವ ಮೆಥೋಟ್ರೆಕ್ಸೇಟ್, ನಿರ್ಜಲ ಉಪವಾಸದಿಂದ ಮೂತ್ರಪಿಂಡ ಸೊರಗಿದಾಗ ಮೈಯಲ್ಲಿ ನಿಂತು ವಿಷವಾಗಬಹುದು. ಬರಿಹೊಟ್ಟೆಯ ನೋವಿನ ಗುಳಿಗೆ ಜಠರವನ್ನು ಹುಣ್ಣುಮಾಡುತ್ತದೆ.

ಷೋಡಶ ಭಾವನೆಗಳಲ್ಲಿ ಶಕ್ತಿತಸ್ತಪವೆಂಬುದೊಂದು ಇದೆ. ಶಕ್ತಿಗೆ ತಕ್ಕ ತಪವೆಂದು ಅದರರ್ಥ. ನೆರೆಮನೆಯವರ ಶಕ್ತಿಗೆ ತಕ್ಕುದೆಂದಲ್ಲ! ಕೀಲುನೋವಿನಲ್ಲಿ ನರಳುತ್ತ ನೋವನ್ನೇ ನೆನೆಯುವ ಉಪವಾಸಿಗೆ ಒದಗುವುದು ವೇದನಾಜನ್ಯ ಆರ್ತಧ್ಯಾನ. ಅದರಿಂದ ಕರ್ಮನಿರ್ಜರೆಯಾಗದು, ಬಂಧವಾದೀತು. ಬಾಹ್ಯ ತಪಗಳು ಆರು. ಅನಶನ ಅವುಗಳಲ್ಲಿ ಒಂದು ಮಾತ್ರ. ಅರೆಹೊಟ್ಟೆಯುಣ್ಣುವ ಅವಮೌದರ್ಯವಿದೆ, ತುಪ್ಪವನ್ನೋ ಬೆಲ್ಲವನ್ನೋ ತೊರೆಯುವ ರಸಪರಿತ್ಯಾಗವಿದೆ. ರಾತ್ರಿಭೋಜನ ತ್ಯಾಗಿಗಳು ಗುಳಿಗೆಗಳನ್ನು ಹಗಲಿನಲ್ಲಿಯೇ ಮುಗಿಸುವಂತೆ ಹೊಂದಿಸಬಹುದೇ ಎಂದು ವೈದ್ಯರನ್ನು ಕೇಳಲಿ. ಕ್ಯಾಪ್ಸೂಲಿನ ಹೊದಿಕೆಯಲ್ಲಿ ಪ್ರಾಣಿಜನ್ಯ ಜೆಲಟಿನ್ ಇರುವುದುಂಟು. ಬದಲಿ ಗುಳಿಗೆಯನ್ನು ಬಾಯಿಬಿಟ್ಟು ಕೇಳಬೇಕು, ಮೌನವಾಗಿ ಬಿಡಬಾರದು.

ಔಷಧದಾನವನ್ನು ನಾಲ್ಕು ದಾನಗಳಲ್ಲಿ ಎಣಿಸಿದ ಸಮಾಜ ನಮ್ಮದು. ಕೊಡುವುದು ಪುಣ್ಯವಾದರೆ ಕೊಳ್ಳುವುದಕ್ಕೆ ನಾಚಿಕೆಯೇಕೆ? ಕಾಪುವಿನಲ್ಲಾಗಲಿ ಉಡುಪಿಯಲ್ಲಾಗಲಿ, ಅತ್ತೆಯು ಉಪವಾಸವಿರುವಾಗ ಸೊಸೆಯು ಗಂಜಿಯುಂಡು ಗುಳಿಗೆ ನುಂಗಿದರೆ ಯಾರೂ ಹುಬ್ಬೇರಿಸದಿರಲಿ. ಪರ್ವಕ್ಕೆ ತಿಂಗಳು ಮೊದಲೇ ವೈದ್ಯರನ್ನು ಕಂಡು, ಅನಂತರ ಗುರುಗಳ ಮುಂದೆ ರೋಗವನ್ನು ಮರೆಮಾಚದೆ ಹೇಳಿ, ಮದ್ದು ಮತ್ತು ಬಿಸಿನೀರಿನ ವಿನಾಯಿತಿಯನ್ನು ಇರಿಸಿಕೊಂಡೇ ಆ ತಾಯಿ ವ್ರತವನ್ನು ಸ್ವೀಕರಿಸಲಿ. ಬಸದಿಯಲ್ಲಿ ಅವರಿಗೊಂದು ಕುರ್ಚಿಯನ್ನು ಹಾಕಿಸಿರಿ.